ಬೆಕ್ಕಿನ ಪಾಪ ಯಾರ ಹೆಗಲಿಗೆ?

ಬೆಕ್ಕನ್ನು ದೇವಿಯೆಂದು ಪೂಜಿಸುವ ಊರು ಮಂಡ್ಯ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ಬಡಾವಣೆಗಳಲ್ಲಿ ಸಾಕಿದ ಬೆಕ್ಕುಗಳು ಕಲ್ಲಿಗೆ, ಬಿಸಿನೀರಿಗೆ, ವಿಷಕ್ಕೆ, ಗೋಣಿಚೀಲಕ್ಕೆ ಸಿಕ್ಕಿ ನರಳುತ್ತಿವೆ. ನಾವು ಕೊಲ್ಲಲಿಲ್ಲ ಎಂದುಕೊಂಡರೆ ಸಾಕೇ?

ಮದ್ದೂರು ತಾಲ್ಲೂಕಿನ ಬೆಕ್ಕಳಲೆ ಗ್ರಾಮದಲ್ಲಿ ಬೆಕ್ಕೆಂದರೆ ಮಂಗಮ್ಮ ದೇವಿ. ಒಂದು ಕಾಲಕ್ಕೆ ಊರಿಗೆ ದುಷ್ಟಶಕ್ತಿಗಳ ಕಾಟ ಹೆಚ್ಚಿದಾಗ ದೇವಿ ಬೆಕ್ಕಿನ ರೂಪ ತಾಳಿ ಬಂದು ಜನರನ್ನು ಕಾಪಾಡಿದಳು, ಆಮೇಲೆ ಮಾಯವಾದಳು, ಮಾಯವಾದ ಜಾಗದಲ್ಲಿ ಹುತ್ತ ಉಳಿಯಿತು ಎಂಬುದು ಅಲ್ಲಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಆಕೆಗೆ ಅಲ್ಲಿ ಗುಡಿಗಳಿವೆ, ಪೂಜೆಯಿದೆ. ಪೂಜೆಯ ಜೊತೆಗೆ ಊರಿನದೊಂದು ಕಟ್ಟುಪಾಡೂ ಇದೆ. ಬೆಕ್ಕಿಗೆ ಯಾರೂ ಹೊಡೆಯುವಂತಿಲ್ಲ. ಹಿಂಸೆ ಕೊಟ್ಟವರನ್ನು ಊರಾಚೆ ಹಾಕುತ್ತಾರೆ. ಸತ್ತ ಬೆಕ್ಕು ಕಣ್ಣಿಗೆ ಬಿದ್ದರೆ ದಾಟಿಕೊಂಡು ಹೋಗದೆ ಕ್ರಮವಾಗಿ ಮಣ್ಣು ಮಾಡಬೇಕು.

ಅದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಹಿಕ್ಕೆ ಬಿದ್ದು ಅಂಗಳ ಬೆಳ್ಳಗಾದರೂ, ಮೀನಿನ ವಾಸನೆ ಮೂಗಿಗೆ ಅಡರಿದರೂ ಹಳ್ಳಿಯವರು ಕಲ್ಲೆತ್ತಿಕೊಳ್ಳುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ನೋಡಿಕೊಂಡಂತೆ ಆ ಹಕ್ಕಿಗಳನ್ನು ನೋಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರಿನವರು ಮನಸ್ಸಿನಲ್ಲಿ ಹಾಗೆ ಘೋಷಿಸಿಕೊಂಡು ಅದಾಗಲೇ ಎಷ್ಟೋ ತಲೆಮಾರು ಕಳೆದಿತ್ತು.

ಇಂಥ ಊರುಗಳಿರುವ ಜಿಲ್ಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಗಳ ಬಡಾವಣೆಗಳ ಕಥೆ ಬೇರೆಯೇ ಇದೆ. ಬೆಳಿಗ್ಗೆ ಕಾಂಪೌಂಡ್ ಹಾರಿ ಹೋದ ಬೆಕ್ಕು ಸಂಜೆ ಕುಂಟಿಕೊಂಡು ಬರುತ್ತದೆ, ಬೆನ್ನು ಸುಟ್ಟುಕೊಂಡು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಮನೆಯ ಮಕ್ಕಳು ಎರಡು ದಿನ ಬೀದಿ ಬೀದಿ ಹುಡುಕುತ್ತಾರೆ. ಮೂರನೆಯ ದಿನ ಖಾಲಿ ಸೈಟಿನ ಪಾರ್ಥೇನಿಯಂ ಗಿಡಗಳ ನಡುವೆ ಅದರ ಹೆಣ ಸಿಗುತ್ತದೆ. ‘ಬೆಕ್ಕು ತಾನೇ, ಇನ್ನೊಂದು ತಂದ್ರಾಯ್ತು ಬುಡಿ’ ಎನ್ನುವಲ್ಲಿಗೆ ದೊಡ್ಡವರ ಪಾಲಿಗೆ ವಿಷಯ ಮುಗಿಯುತ್ತದೆ. ಅದು ಅಲ್ಲಿಗೆ ಮುಗಿಯಬಾರದು ಎಂಬುದೇ ಈ ಲೇಖನದ ವಾದ.

ನೆರೆಯವರ ದೂರು

ಬೆಕ್ಕಿನ ಮೇಲೆ ಸಿಟ್ಟಾಗುವವರೆಲ್ಲ ಕ್ರೂರಿಗಳೆನ್ನುವುದು ಅನ್ಯಾಯ. ಅವರ ದೂರುಗಳಲ್ಲಿ ನಿಜವಿದೆ. ಕಾಯಿಸಿಟ್ಟ ಹಾಲಿನ ಪಾತ್ರೆ ಉರುಳುತ್ತದೆ. ತೊಳೆದಿಟ್ಟ ಮೀನು ಮಾಯವಾಗುತ್ತದೆ. ಮಹಡಿಯ ಮೇಲೆ ಸಾಕಿದ ಪಾರಿವಾಳ, ಹಿತ್ತಲಿನ ಕೋಳಿಮರಿ ಕಾಣೆಯಾಗುತ್ತವೆ. ಬೆಕ್ಕು ಹೂಕುಂಡದ ಮಣ್ಣು ಕೆದಕಿ ಹೇಲುತ್ತದೆ. ಬೆದೆಗೆ ಬಂದ ಬೆಕ್ಕುಗಳು ರಾತ್ರಿಯಿಡೀ ಶೀಟಿನ ಮೇಲೆ ಮಗು ಅತ್ತಂತೆ ಕೂಗುತ್ತವೆ. ಪರಚಿದರೆ, ಕಚ್ಚಿದರೆ ರೇಬಿಸ್ ಬಂದೀತೆಂಬ ಭಯವೂ ಸುಳ್ಳಲ್ಲ. ಲಸಿಕೆ ಹಾಕಿಸದ ಬೆಕ್ಕಿನಿಂದ ರೇಬಿಸ್ ಬರಬಹುದು. ಕಚ್ಚಿದ ಜಾಗವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಲೇಬೇಕು.

ಹಳ್ಳಿಯ ತೊಟ್ಟಿಮನೆಯಲ್ಲಿ, ಹುಲ್ಲಿನ ಮೆದೆ, ಕೊಟ್ಟಿಗೆ, ಹಿತ್ತಲುಗಳ ನಡುವೆ ಬೆಕ್ಕಿಗೆ ಜಾಗವಿತ್ತು, ಕೆಲಸವಿತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಅದಕ್ಕೆ ಎರಡೂ ಇಲ್ಲ. ಒಬ್ಬರು ಸಾಕಿದ ಬೆಕ್ಕು ಹತ್ತು ಮನೆಯ ಬೆಕ್ಕಾಗುತ್ತದೆ. ಅನ್ನ ಹಾಕುವವರು ಒಬ್ಬರು, ತೊಂದರೆ ಅನುಭವಿಸುವವರು ಒಂಬತ್ತು ಮಂದಿ. ಮೊದಲು ಸಾಕಿದವರ ಜೊತೆ ಜಗಳ, ಆಮೇಲೆ ಮಾತು ಬಿಡುವುದು, ಕೊನೆಗೆ ಸಿಟ್ಟು ತಿರುಗುವುದು ಬಾಯಿಲ್ಲದ ಪ್ರಾಣಿಯ ಮೇಲೆ.

ಅದರ ಮೇಲೆ ಅಪಶಕುನದ ಮಾತು ಬೇರೆ. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ಗಾಡಿ ನಿಲ್ಲಿಸುವವರು ಇಂದಿಗೂ ಇದ್ದಾರೆ. ಕಪ್ಪು ಬೆಕ್ಕಾದರಂತೂ ಕಲ್ಲು ಬೀಳುವುದು ಗ್ಯಾರಂಟಿ. ರಸ್ತೆ ದಾಟುವುದಷ್ಟೇ ಅದರ ತಪ್ಪು.

ಬಿಸಿಹಾಲಿನ ಕಥೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಬೆಕ್ಕು ಸಾಕಲು ರಾಜ ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಹತ್ತಿರ ಸುಳಿಯಲಿಲ್ಲ. ಅವನ ಜಾಣತನಕ್ಕೆ ನಾವೆಲ್ಲ ನಕ್ಕಿದ್ದೇವೆ. ಆ ಬೆಕ್ಕಿನ ಬಾಯಿ ಏನಾಯಿತೆಂದು ಯಾವ ತರಗತಿಯಲ್ಲೂ ಯಾರೂ ಕೇಳಲಿಲ್ಲ. ಕಥೆಯನ್ನು ಬಿಡಬೇಕಿಲ್ಲ, ಹೇಳುವಾಗ ಆ ಪ್ರಶ್ನೆಯನ್ನೂ ಕೇಳಬೇಕು.

ಕಥೆಯಾಚೆ ಬಿಸಿನೀರು ಎರಚಿಸಿಕೊಂಡ ಬೆಕ್ಕು ಹೇಗಿರುತ್ತದೆ? ಮೊದಲ ದಿನ ನೋಡಿದರೆ ಏನೂ ಆಗಿಲ್ಲವೆನಿಸುತ್ತದೆ. ಕೂದಲು ಒದ್ದೆಯಾಗಿ ಅಂಟಿಕೊಂಡಿರುತ್ತದೆ, ಬೆಕ್ಕು ಮಂಚದ ಕೆಳಗೆ ಸೇರಿಕೊಂಡು ಮುಟ್ಟಲು ಬಿಡುವುದಿಲ್ಲ, ಅಷ್ಟೇ. ಸುಟ್ಟ ಗಾಯವನ್ನು ಕೂದಲು ಮುಚ್ಚಿರುತ್ತದೆ. ಕೆಲವು ದಿನ ಕಳೆದ ಮೇಲೆ ಬೆನ್ನಿನ ಕೂದಲು ಚರ್ಮದ ಸಮೇತ ಕಿತ್ತು ಬರುತ್ತದೆ, ಕೆಳಗೆ ಹಸಿ ಮಾಂಸ ಕಾಣುತ್ತದೆ, ಕೀವು ತುಂಬಿ ನೊಣ ಕೂರುತ್ತದೆ. ಎರಚಿದವರು ಅಷ್ಟರಲ್ಲಿ ಅದನ್ನು ಮರೆತೇ ಬಿಟ್ಟಿರುತ್ತಾರೆ. ‘ಓಡುಸ್ಲಿ ಅಂತ ಎರಚುದ್ದೆ ಕಣಕ್ಕ, ಸಾಯ್ಲಿ ಅಂತಲ್ಲ’ ಎನ್ನುವುದು ಇಂಥ ಕಡೆ ಸಿಗುವ ಉತ್ತರ. ಓಡಿಸಲು ತಣ್ಣೀರು ಸಾಕಿತ್ತು.

ವಿಷದ ದಾರಿ

ಕಬ್ಬು, ಭತ್ತದ ಈ ಸೀಮೆಯಲ್ಲಿ ಇಲಿಯೇ ದೊಡ್ಡ ಶತ್ರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ಬದುಗಳಲ್ಲಿ, ಆಲೆಮನೆಗಳ ಸುತ್ತ, ಮದ್ದೂರು ಮಳವಳ್ಳಿ ಕಡೆಯ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಇಲಿಕಾಟಕ್ಕೆ ಪಾಷಾಣ ತಂದಿಡುವುದು ರೂಢಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆ ವಿಷ ಬೆಕ್ಕಿಗೆ ಎರಡು ದಾರಿಯಲ್ಲಿ ಮುಟ್ಟುತ್ತದೆ. ಒಂದು, ಯಾರೋ ಬೇಕೆಂದೇ ಒಣಮೀನಿಗೆ, ಅನ್ನಕ್ಕೆ ಬೆರೆಸಿ ಇಡುವುದು. ಇನ್ನೊಂದು, ವಿಷ ತಿಂದ ಇಲಿಯನ್ನು ಬೆಕ್ಕು ತಿನ್ನುವುದು.

ಇಲಿಪಾಷಾಣವಾಗಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಫಾಸ್ಫೀನ್ ಅನಿಲವಾಗುತ್ತದೆ. ಬೆಕ್ಕು ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ, ಕೈಕಾಲು ಸೆಟೆದು ಒದ್ದಾಡುತ್ತದೆ. ಅದಕ್ಕೆಂದೇ ಇರುವ ಪ್ರತ್ಯೌಷಧವಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆಗಳ ಕಥೆ ಬೇರೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಂದ ಇಲಿ ಕೆಲವು ದಿನ ತೂಕಡಿಸುತ್ತಾ ಓಡಾಡಿಕೊಂಡಿರುತ್ತದೆ, ಬೆಕ್ಕಿಗೆ ಅಂಥ ಇಲಿಯೇ ಸುಲಭವಾಗಿ ಸಿಗುತ್ತದೆ. ಬೆಕ್ಕಿನ ವಸಡು ಬಿಳುಚಿದ್ದರೆ, ಮೂಗಿನಿಂದಲೋ ಮಲದಲ್ಲೋ ರಕ್ತ ಕಂಡರೆ, ಸುಮ್ಮನೆ ಮೂಲೆ ಹಿಡಿದು ಕುಳಿತಿದ್ದರೆ ಆಗಲೇ ಪಶುವೈದ್ಯರ ಹತ್ತಿರ ಓಡಬೇಕು. ಸಮಯಕ್ಕೆ ಸಿಕ್ಕರೆ ವಿಟಮಿನ್ ಕೆ-1 ಜೀವ ಉಳಿಸಬಲ್ಲದು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮಾತ್ರ ಕೊಡಲೇಬಾರದು. ಮನುಷ್ಯರ ಜ್ವರ ಇಳಿಸುವ ಆ ಮಾತ್ರೆಯನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಇಲಿಗೆಂದು ಇಡುವ ಅಂಟಿನ ಹಲಗೆಯೂ ಅಷ್ಟೇ ಕ್ರೂರ. ಅದರಲ್ಲಿ ಸಿಕ್ಕ ಬೆಕ್ಕಿನ ಮರಿ ಬಿಡಿಸಿಕೊಳ್ಳಲು ಹೊರಳಿದಷ್ಟೂ ಮೈಯೆಲ್ಲಾ ಅಂಟಿಕೊಳ್ಳುತ್ತದೆ. ಎಳೆದರೆ ಚರ್ಮವೇ ಕಿತ್ತುಬರುತ್ತದೆ. ಅಡುಗೆ ಎಣ್ಣೆ ಸವರಿ ನಿಧಾನವಾಗಿ ಬಿಡಿಸಬೇಕು, ಆಮೇಲೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಈ ಅಂಟುಹಲಗೆಗಳ ವಿರುದ್ಧ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ.

ಇಲಿ ಕೊಲ್ಲಲು ಇಟ್ಟ ವಿಷ ಇಲಿ ಹಿಡಿಯುವ ಬೆಕ್ಕನ್ನೇ ಕೊಲ್ಲುವುದು ನಮ್ಮ ನಷ್ಟ. ಹಳೇ ಮೈಸೂರಿನವರಿಗೆ ಇಲಿಯ ಭಯ ಹೊಸದಲ್ಲ. 1898ರಲ್ಲಿ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ಕಾಲದ ಪ್ಲೇಗಿನ ಮಾರಮ್ಮನ ಗುಡಿಗಳು ಈಗಲೂ ಇವೆ. ಅಂದಿನ ಬ್ರಿಟಿಷ್ ವೈದ್ಯಾಧಿಕಾರಿ ಆಂಡ್ರ್ಯೂ ಬ್ಯೂಕನನ್, ಬೆಕ್ಕು ಹೆಚ್ಚಿರುವ ಊರುಗಳಲ್ಲಿ ಪ್ಲೇಗ್ ಕಡಿಮೆ ಎಂದು ವಾದಿಸಿ 1908ರಲ್ಲಿ ಲೇಖನವನ್ನೇ ಬರೆದರು. ಬೆಕ್ಕೊಂದೇ ಪ್ಲೇಗ್ ತಡೆಯಲಾರದು, ನಿಜ. ಆದರೆ ಇಲಿ ಮೂತ್ರದಿಂದ ಹರಡುವ ಇಲಿಜ್ವರ ಇಂದಿಗೂ ಇರುವ ನಾಡಿನಲ್ಲಿ, ಬಡಾವಣೆಯ ಬೆಕ್ಕು ಸಂಬಳವಿಲ್ಲದೆ ದುಡಿಯುತ್ತಿದೆ ಎಂಬುದನ್ನು ಮರೆಯಬಾರದು.

ಗೋಣಿಚೀಲದ ಧರ್ಮ

ನಮ್ಮಲ್ಲೊಂದು ನಂಬಿಕೆಯಿದೆ. ಬೆಕ್ಕು ಕೊಂದ ಪಾಪ ಸುಲಭಕ್ಕೆ ಕಳೆಯುವುದಿಲ್ಲ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಅಜ್ಜಿಯರು ಹೇಳುತ್ತಿದ್ದರು. ಈ ಹೆದರಿಕೆ ಎಷ್ಟೋ ಕೈಗಳನ್ನು ತಡೆದಿದೆ. ಅದಕ್ಕೆ ಋಣಿಯಾಗಿರೋಣ. ಆದರೆ ಆ ಹೆದರಿಕೆಯೇ ಇನ್ನೊಂದು ಕ್ರೌರ್ಯಕ್ಕೆ ದಾರಿ ಮಾಡಿದೆ. ಕೊಲ್ಲಬಾರದು, ಸರಿ, ಹಾಗಾದರೆ ಬಿಟ್ಟುಬರೋಣ! ಮರಿಗಳನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಸ್ಕೂಟರಿನ ಮುಂದಿಟ್ಟುಕೊಂಡು, ದಾರಿ ಗುರುತು ಸಿಗದಂತೆ ನಾಲೆಯಾಚೆಗೋ ಸಂತೆಮಾಳಕ್ಕೋ ಕಲ್ಯಾಣ ಮಂಟಪದ ಹಿಂಭಾಗಕ್ಕೋ ಹೋಗಿ ಬಿಟ್ಟು ಬರುವುದು. ‘ಎಲ್ಲಾದ್ರೂ ಬದುಕ್ಕೊಳ್ಳಲಿ’ ಎಂದು ಕೈ ಮುಗಿಯುವುದು.

ಅವು ಬದುಕಿಕೊಳ್ಳುವುದಿಲ್ಲ. ಹುಟ್ಟಿದ ಮರಿ ಕಣ್ಣು ಬಿಡಲು ಏಳರಿಂದ ಹತ್ತು ದಿನ ಬೇಕು. ಮೊದಲ ವಾರಗಳಲ್ಲಿ ಅದಕ್ಕೆ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ತಾಯಿ ನೆಕ್ಕಿ ಉತ್ತೇಜಿಸದಿದ್ದರೆ ತಾನಾಗಿ ಮೂತ್ರ ಮಾಡಲೂ ಆಗುವುದಿಲ್ಲ. ತಾಯಿಯಿಂದ ಬೇರೆ ಮಾಡಬೇಕಾದರೆ ಕನಿಷ್ಠ ಎಂಟು ವಾರ ಕಳೆದಿರಬೇಕು. ಕಣ್ಣು ಬಿಡದ ನಾಲ್ಕು ಮರಿಗಳನ್ನು ಚೀಲದಲ್ಲಿ ಬಿಟ್ಟು ಬಂದವರು ಅವನ್ನು ಕೊಂದೇ ಬಂದಿದ್ದಾರೆ. ಸಾವು ಮಾತ್ರ ಅವರ ಕಣ್ಣೆದುರು ಆಗಲಿಲ್ಲ. ಅತ್ತ ಮನೆಯಲ್ಲಿ ಮೊಲೆ ಬಿಗಿದ ತಾಯಿಬೆಕ್ಕು ಮೂಲೆ ಮೂಲೆ ಮೂಸುತ್ತಾ ಕೂಗುತ್ತಿರುತ್ತದೆ. ದೊಡ್ಡ ಬೆಕ್ಕಿನ ಗತಿಯೂ ಅಷ್ಟೇ. ಬೆಕ್ಕು ಜಾಗಕ್ಕೆ ಒಗ್ಗುವ ಪ್ರಾಣಿ. ಗುರುತಿಲ್ಲದ ಕಡೆ ಬಿಟ್ಟರೆ ಅಲ್ಲಿನ ಬೆಕ್ಕುಗಳು ಹೊಡೆದಟ್ಟುತ್ತವೆ, ನಾಯಿಗಳು ಹಿಡಿಯುತ್ತವೆ, ಹೆದ್ದಾರಿಯ ಚಕ್ರ ಕಾದಿರುತ್ತದೆ.

ಮನೆಯೊಳಗೇ ನಡೆಯುವ ಇನ್ನೊಂದು ಹಿಂಸೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಬೆಕ್ಕು ಮಾಂಸಾಹಾರಿ. ಅದರ ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸ, ಮೀನಿನಲ್ಲಿ. ಬರೀ ಮೊಸರನ್ನದಲ್ಲಿ ಬೆಳೆಸಿದರೆ ಅದು ನಿಧಾನವಾಗಿ ಸೊರಗುತ್ತದೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಸುವಿನ ಹಾಲೂ ಅರಗುವುದಿಲ್ಲ, ಭೇದಿಯಾಗುತ್ತದೆ. ‘ಬೇಕಾದ್ರೆ ಇಲಿ ಹಿಡ್ಕೊಂಡು ತಿನ್ಲಿ’ ಎಂದು ಹೊಟ್ಟೆಗೆ ಹಾಕದೆ ಬಿಡುವವರ ಬೆಕ್ಕೇ ಪಕ್ಕದ ಮನೆಯ ಮೀನಿಗೆ ಬಾಯಿ ಹಾಕುವುದು. ಕಲ್ಲು ಹೊಡೆದವರ ತಪ್ಪಿನಲ್ಲಿ ಸಾಕಿದವರ ಪಾಲೂ ಇದೆ.

ಕಾನೂನು ಏನು ಹೇಳುತ್ತದೆ?

ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಮೇಲೆ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದರು. ಆ ಒತ್ತಾಯದ ಫಲವಾಗಿ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಹೊಡೆಯುವುದು, ಒದೆಯುವುದು, ಅನಗತ್ಯ ನೋವು ಕೊಡುವುದು, ವಿಷವಿಡುವುದು ಅದರ 11ನೇ ಕಲಮಿನಡಿ ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದೂ ಅಪರಾಧವೇ. ಅಂದರೆ ಗೋಣಿಚೀಲದ ಧರ್ಮಕ್ಕೆ ಕಾನೂನಿನಲ್ಲಿ ಮಾನ್ಯತೆಯಿಲ್ಲ. ಆದರೆ ಮೊದಲ ತಪ್ಪಿಗೆ ಇಟ್ಟಿರುವ ದಂಡ ನೋಡಿ: 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ ಐವತ್ತು ರೂಪಾಯಿಗೆ ತೂಕವಿತ್ತು. ಇಂದು ಮದ್ದೂರಿನಲ್ಲಿ ಎರಡು ವಡೆ, ಒಂದು ಕಾಫಿಗೆ ಅದು ಮುಗಿದುಹೋಗುತ್ತದೆ.

ಬಲವಾದ ಕಲಮು ಇನ್ನೊಂದು ಕಡೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ, ಪ್ರಾಣಿಯನ್ನು ಕೊಂದು, ವಿಷವಿಟ್ಟು, ಅಂಗಹೀನ ಮಾಡಿ ಹಾನಿಯುಂಟುಮಾಡಿದವರಿಗೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ಲೆಕ್ಕ ಹಾಕುತ್ತಿತ್ತು. ಹೊಸದು ಆ ಲೆಕ್ಕವನ್ನು ತೆಗೆದುಹಾಕಿದೆ. ಸಾಕಿದ ಬೆಕ್ಕಿಗೆ ವಿಷವಿಟ್ಟರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ‘ಬೆಕ್ಕಿಗೆಲ್ಲ ಕೇಸಾ?’ ಎಂದು ಯಾರಾದರೂ ನಕ್ಕರೆ ಈ ಕಲಮು ತೋರಿಸಬಹುದು. ಹೆಣವನ್ನು ಅವಸರದಲ್ಲಿ ಹೂಳದೆ ಫೋಟೊ ತೆಗೆದುಕೊಂಡು, ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಆ ವರದಿ ಇಲ್ಲದೆ ಕೇಸು ನಿಲ್ಲುವುದು ಕಷ್ಟ.

ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಅನುಕಂಪವನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆನ್ನುತ್ತದೆ. ಹಸಿವು, ನೋವು, ಭಯಗಳಿಂದ ಮುಕ್ತವಾಗಿರುವುದು ಪ್ರಾಣಿಗಳಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಹೇಳಿತು. ಅಷ್ಟಾದರೂ 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ಚೀಲಗಳಲ್ಲಿ ಕಟ್ಟಿ ಬಿಸಾಡಿದ್ದ ಮಂಗಗಳ ಹೆಣಗಳು ಸಿಕ್ಕವು. ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ಬಯಲಾಯಿತು. ಅವು ಸುದ್ದಿಯಾದವು, ಹೈಕೋರ್ಟ್ ಮಂಗಗಳ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಒಂಟಿಯಾಗಿ ಸಾಯುವ ಬೆಕ್ಕು ಸುದ್ದಿಯಾಗುವುದಿಲ್ಲ.

ಮಕ್ಕಳು ನೋಡುತ್ತಿದ್ದಾರೆ

ಬೆಕ್ಕಿನ ಬಾಲಕ್ಕೆ ಪಟಾಕಿ ಸರ ಕಟ್ಟುವ ಹುಡುಗರನ್ನು ‘ಹುಡ್ಗಾಟ’ ಎಂದು ಬಿಡುವುದು ಅಪಾಯ. ಇಂಗ್ಲೆಂಡಿನ ಕಲಾವಿದ ವಿಲಿಯಂ ಹೊಗಾರ್ತ್ 1751ರಲ್ಲೇ ನಾಲ್ಕು ಚಿತ್ರಗಳ ಸರಣಿ ಮಾಡಿದ. ಮೊದಲ ಚಿತ್ರದಲ್ಲಿ ಬೀದಿ ಹುಡುಗರು ನಾಯಿ ಬೆಕ್ಕುಗಳನ್ನು ಹಿಂಸಿಸುತ್ತಾರೆ. ಅದರಲ್ಲಿರುವ ಹುಡುಗನೊಬ್ಬ ಮುಂದಿನ ಚಿತ್ರಗಳಲ್ಲಿ ಬೆಳೆದು ಕೊಲೆಗಾರನಾಗುತ್ತಾನೆ. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿ ಹಿಂಸೆಯನ್ನು ಪ್ರತ್ಯೇಕ ಅಪರಾಧವಾಗಿ ದಾಖಲಿಸತೊಡಗಿದ್ದರ ಹಿಂದೆಯೂ ಇದೇ ಕಾಳಜಿಯಿದೆ. ಮನೆಯಲ್ಲಿ ದೊಡ್ಡವರು ಬಿಸಿನೀರಿನ ಚೊಂಬು ಎತ್ತಿಕೊಂಡು ಹೋಗುವುದನ್ನು ನೋಡಿದ ಮಗು, ತನಗಿಂತ ಚಿಕ್ಕವರನ್ನು ಹೀಗೇ ನಡೆಸಿಕೊಳ್ಳಬೇಕೆಂದು ಕಲಿಯುತ್ತದೆ.

ಮಾಡಬೇಕಾದ್ದು

ಕೊಲ್ಲದಿರುವುದಕ್ಕೆ ಪಾಪಭಯ ಸಾಕಾಗಬಹುದು. ಸಾಕುವುದಕ್ಕೆ ಹೊಣೆಗಾರಿಕೆ ಬೇಕು. ಬೆಕ್ಕಿನ ವಿಷಯದಲ್ಲಿ ಆ ಹೊಣೆಯ ಮೊದಲ ಮೆಟ್ಟಿಲು ಆಪರೇಷನ್. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಸುಮಾರು ಒಂಬತ್ತು ವಾರಕ್ಕೆ ಈಯುತ್ತದೆ. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರು ನಾಲ್ಕು ಮರಿ. ಅಷ್ಟು ಮರಿಗಳಿಗೆ ಮನೆ ಹುಡುಕಲಾಗದೆ ಚೀಲ ಹುಡುಕುತ್ತೇವೆ. ಗಬ್ಬವಾಗುವ ಮೊದಲೇ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳ ಸಮಸ್ಯೆಯಿಲ್ಲ. ಗಂಡು ಬೆಕ್ಕಿಗೆ ಮಾಡಿಸಿದರೆ ರಾತ್ರಿಯ ಕೂಗಾಟ, ಕಾದಾಟ, ಬಾಗಿಲಿಗೆ ಉಚ್ಚೆ ಹೊಯ್ಯುವುದು, ಬೀದಿ ಸುತ್ತುವುದು ಎಲ್ಲವೂ ತಗ್ಗುತ್ತವೆ. ನೆರೆಯವರ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ರೇಬಿಸ್ ಲಸಿಕೆ ಹಾಕಿಸಿ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಾ ಹಾಕಿ. ರಾತ್ರಿ ಮನೆಯೊಳಗೆ ಇರಿಸಿಕೊಳ್ಳಿ. ಮಹಡಿಯ ಮೂಲೆಯಲ್ಲಿ ಮರಳು ತುಂಬಿದ ಟ್ರೇ ಇಟ್ಟರೆ ಪಕ್ಕದ ಮನೆಯ ಹೂಕುಂಡ ಉಳಿಯುತ್ತದೆ. ಬೆಕ್ಕು ಹಾಲು ಕುಡಿದರೆ ಪಕ್ಕದ ಮನೆಗೆ ಒಂದು ಪ್ಯಾಕೆಟ್ ಕೊಟ್ಟು ‘ತಪ್ಪಾಯ್ತು ಕಣಕ್ಕ’ ಎನ್ನುವುದರಿಂದ ಯಾರ ಮಾನವೂ ಹೋಗುವುದಿಲ್ಲ. ತೊಂದರೆ ಅನುಭವಿಸುವವರು ಕಲ್ಲೆತ್ತುವ ಮೊದಲು ಬಾಗಿಲು ತಟ್ಟಿ ಹೇಳಲಿ. ಕಿಟಕಿಗೆ ಜಾಲರಿ ಹಾಕಿಸಲು ಆಗುವ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ.

ನಗರಸಭೆ, ಪುರಸಭೆಗಳ ಪಾಲೂ ಇದೆ. ಬೀದಿನಾಯಿಗಳ ಶಸ್ತ್ರಚಿಕಿತ್ಸೆಗೆ ನಿಯಮಗಳಿವೆ, ಟೆಂಡರ್‌ಗಳಿವೆ. ಬೆಕ್ಕಿನ ಬಗ್ಗೆ ಯೋಚಿಸಿದವರು ಕಡಿಮೆ. ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ಅದರ ಸಭೆಯಲ್ಲಿ ಬೆಕ್ಕಿನ ವಿಷಯವೂ ಬರಲಿ. ಪಶುಪಾಲನಾ ಇಲಾಖೆ ಮೂರೂ ಪೇಟೆಗಳಲ್ಲಿ ವರ್ಷಕ್ಕೆರಡು ಬಾರಿ ಕಡಿಮೆ ಖರ್ಚಿನ ಶಸ್ತ್ರಚಿಕಿತ್ಸೆ, ಲಸಿಕೆ ಶಿಬಿರ ನಡೆಸಿದರೆ ಚೀಲ ಕಟ್ಟುವ ಕೈಗಳು ತಾವಾಗಿ ಕಡಿಮೆಯಾಗುತ್ತವೆ.

ಬೆಕ್ಕಳಲೆಯವರಿಗೆ ದೇವಿಯ ಭಯವಿದೆ, ಊರಿನ ಕಟ್ಟುಪಾಡಿದೆ. ಬಡಾವಣೆಗೆ ಅಂಥ ದೇವಿಯಿಲ್ಲದಿರಬಹುದು, ಆದರೆ ಕಟ್ಟುಪಾಡು ಮಾಡಿಕೊಳ್ಳಲು ಅಡ್ಡಿಯಿಲ್ಲ. ನಿಮ್ಮ ಬೀದಿಯ ಹತ್ತು ಮನೆಯವರು ಈ ಭಾನುವಾರ ಒಂದು ಗಂಟೆ ಕೂತು ಮೂರು ಮಾತಿಗೆ ಒಪ್ಪಿಕೊಳ್ಳಿ: ವಿಷ ಇಡುವುದಿಲ್ಲ, ಮರಿ ಬಿಟ್ಟು ಬರುವುದಿಲ್ಲ, ಸಾಕಿದ ಬೆಕ್ಕಿಗೆ ಆಪರೇಷನ್ ಮಾಡಿಸದೆ ಬಿಡುವುದಿಲ್ಲ.